ಅರ್ಥಶಾಸ್ತ್ರದ ನಾಗವನಪ್ರಕರಣ ಮತ್ತು ವನಸೇವಕರ ನಿಯಮ

ಸಂಸ್ಥೆಗಳು ತಮ್ಮ ಸೇವಕರ ನೇಮಕ, ಶಿಕ್ಷಣ, ಪುರಸ್ಕಾರಗಳನ್ನು ಪ್ರಕೃತಿರಕ್ಷಣೆಗೆ ಅನುಗುಣವಾಗಿ ಏರ್ಪಡಿಸಬೇಕೆಂಬ ವಿಚಾರವು ಇತ್ತೀಚಿನ ಆಡಳಿತಶಾಸ್ತ್ರದಲ್ಲಿ ‘ಹಸುರು ಮಾನವ ಸಂಪನ್ಮೂಲ ನಿರ್ವಹಣೆ’ ಎಂಬ ಹೆಸರಿನಿಂದ ಬಳಕೆಗೆ ಬಂದಿದೆ. ರೆನ್ವಿಕ್, ರೆಡ್‌ಮನ್, ಮೆಗ್ವಾಯರ್ ಎಂಬ ವಿದ್ವಾಂಸರ 2013ರ ಸಮೀಕ್ಷೆಯು ಇದನ್ನು ಸಾಮರ್ಥ್ಯ, ಪ್ರೇರಣೆ, ಅವಕಾಶ ಎಂಬ ಮೂರು ಅಂಗಗಳಲ್ಲಿ ವಿವೇಚಿಸಿತು. ಇದಕ್ಕೆ ಪ್ರಾಚೀನ ಮೂಲವನ್ನು ಅರಸುವವರ ದೃಷ್ಟಿ ಕೌಟಿಲ್ಯನ ಅರ್ಥಶಾಸ್ತ್ರದ ಮೇಲೆ ಬೀಳುವುದು ಸಹಜ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಈ ಗ್ರಂಥದಲ್ಲಿ ಆ ಹೋಲಿಕೆ ಎಲ್ಲಿಯವರೆಗೆ ಸಲ್ಲುವುದೆಂಬುದು ವಿಚಾರಣೀಯ.

ಎರಡನೆಯ ಅಧಿಕರಣದ ಭೂಮಿಚ್ಛಿದ್ರವಿಧಾನವೆಂಬ ಅಧ್ಯಾಯದಲ್ಲಿ ನಾಗವನಾಧ್ಯಕ್ಷನೂ ಅವನ ಕೈಕೆಳಗಿನ ನಾಗವನಪಾಲರೂ ಉಕ್ತರಾಗಿದ್ದಾರೆ. ಪಾಲರೊಡನೆ ಮಾವುತರು, ಕಾಲಿಗೆ ಪಾಶವೊಡ್ಡುವವರು, ಗಡಿಕಾಯುವವರು, ವನಚರರು ಇರತಕ್ಕದ್ದು. ಇವರು ಆನೆಯ ಲದ್ದಿಮೂತ್ರಗಳಿಂದ ತಮ್ಮ ಮೈವಾಸನೆಯನ್ನು ಮರೆಸಿ, ಐದೋ ಏಳೋ ಹೆಣ್ಣಾನೆಗಳೊಡನೆ ಸಂಚರಿಸಿ, ಮಲಗಿದೆಡೆ, ಹೆಜ್ಜೆ, ಲದ್ದಿ, ಕುಸಿದ ನದೀದಡಗಳ ಗುರುತಿನಿಂದ ಹಿಂಡುಗಳನ್ನು ತಿಳಿಯುವರು. ಒಂಟಿಸಲಗ, ಯೂಥಪತಿ, ಮರಿ, ಮದವೇರಿದುದು ಮುಂತಾದ ಭೇದಗಳನ್ನು ಲಿಖಿತದಲ್ಲಿ ನಮೂದಿಸುವರು. ಸಾಮರ್ಥ್ಯವೆಂಬ ಅಂಗವು ಇಲ್ಲಿ ಕೇವಲ ಉಪದೇಶವಾಗಿರದೆ ಕಸುಬಿನ ಅನುಭವವೇ ಆಗಿದೆ. ಪ್ರಕರಣದ ಶ್ರೇಷ್ಠಭಾಗವಿದು.

ಪ್ರೇರಣೆಯ ಪಕ್ಷದಲ್ಲಿ ದಂಡವೂ ಲಾಭವೂ ಇವೆ. ಆನೆಯನ್ನು ಕೊಂದವನಿಗೆ ವಧೆ. ತಾನಾಗಿ ಸತ್ತ ಆನೆಯ ಜೋಡಿದಂತಗಳನ್ನು ತಂದೊಪ್ಪಿಸಿದವನಿಗೆ ನಾಲ್ಕೂಕಾಲು ಪಣ. ಕುಪ್ಯಾಧ್ಯಕ್ಷನು ದ್ರವ್ಯವನವನ್ನು ಕಡಿಯುವವರಿಗೆ ತೆರಿಗೆ ದಂಡಗಳನ್ನು ವಿಧಿಸುವನಾದರೂ ಆಪತ್ಕಾಲಕ್ಕೆ ವಿನಾಯಿತಿಯುಂಟು. ಈ ವಿನಾಯಿತಿಯಲ್ಲಿ ಜೀವನದ ಅರಿವು ಕಾಣುತ್ತದೆ.

ಅವಕಾಶದ ವಿಷಯದಲ್ಲಿ ಹೋಲಿಕೆ ದುರ್ಬಲವಾಗುತ್ತದೆ. ಹಿಡಿಯತಕ್ಕ ಆನೆಯ ಲಕ್ಷಣವನ್ನು ಅನೀಕಸ್ಥರೆಂಬ ಗಜತಜ್ಞರ ಪ್ರಮಾಣದಿಂದ ನಿರ್ಣಯಿಸಬೇಕೆಂದು ಗ್ರಂಥಕಾರನು ಹೇಳುತ್ತಾನೆ; ತಜ್ಞನ ಮಾತಿಗೆ ಅಷ್ಟು ಮನ್ನಣೆಯಿದೆ. ಆದರೆ ಕಾಡನ್ನು ಏತಕ್ಕಾಗಿ ಕಾಯಬೇಕೆಂಬ ಪ್ರಶ್ನೆಯನ್ನೆತ್ತಲು ವನಚರನಿಗೆ ಎಡೆಯಿಲ್ಲ. ಉತ್ತರವು ಮೊದಲೇ ಸಿದ್ಧವಾಗಿದೆ: ಅರಸನ ವಿಜಯಕ್ಕೆ ಆನೆಯೇ ಮುಖ್ಯಸಾಧನ. ಗರ್ಭಿಣಿಯನ್ನೂ ಮರಿಯೂಡುವ ಹೆಣ್ಣಾನೆಯನ್ನೂ ಹಿಡಿಯಬಾರದು, ಇಪ್ಪತ್ತು ವರ್ಷದ್ದನ್ನು ಹಿಡಿಯಬೇಕು ಎಂಬ ವಿಧಿಗಳನ್ನು ದಯೆಯೆಂದು ಮಾತ್ರ ಓದುವುದು ಯುಕ್ತವಲ್ಲ. ಮುಂದಿನ ಸೇನೆಯ ಎಣಿಕೆಯೂ ಅವುಗಳಲ್ಲಿ ಅಡಗಿದೆ.

ಆದುದರಿಂದ ಈ ಪ್ರಕರಣವನ್ನು ಇಂದಿನ ಪ್ರಕೃತಿಪ್ರೇಮದ ಪೂರ್ವರೂಪವೆಂದು ಕೊಂಡಾಡುವುದು ಗ್ರಂಥಕ್ಕೆ ನ್ಯಾಯವಾಗದು. ಅದನ್ನು ಕೇವಲ ಯುದ್ಧತಂತ್ರವೆಂದು ತಳ್ಳುವುದೂ ಸಲ್ಲದು. ಸೇವಕನ ಅರಿವಿಲ್ಲದೆ ಕಾಡು ಉಳಿಯದೆಂಬ ಸತ್ಯವನ್ನು ಅದು ಕಂಡಿದೆ. ಆ ಸೇವಕನನ್ನು ಉದ್ದೇಶದಲ್ಲಿ ಪಾಲುಗಾರನನ್ನಾಗಿ ಮಾಡಿಲ್ಲ. ವಿಜಯದ ಸ್ಥಾನದಲ್ಲಿ ಲಾಭವನ್ನು ಕುಳ್ಳಿರಿಸಿ, ನೌಕರರಿಗೆ ಹಸುರುವ್ರತವನ್ನು ಬೋಧಿಸುವ ಆಧುನಿಕ ಸಂಸ್ಥೆಗೂ ಇದೇ ಆಕ್ಷೇಪ ಸಲ್ಲುತ್ತದೆ. ಉದ್ದೇಶ ಬದಲಾದ ದಿನ ರಕ್ಷಣೆಯೂ ನಿಲ್ಲುವುದು. ಪ್ರಾಚೀನಗ್ರಂಥವನ್ನು ಹೆಮ್ಮೆಗಾಗಿ ಓದುವುದಕ್ಕಿಂತ ಈ ಎಚ್ಚರಕ್ಕಾಗಿ ಓದುವುದು ಹೆಚ್ಚು ಪ್ರಯೋಜನಕರ.