ಕಾರಿಗೂ ಒಂದು ಕೈಫಿಯತ್ತು

ಚನ್ನಪಟ್ಟಣದ ಹಳೆ ಹೆದ್ದಾರಿ ಪಕ್ಕದ ಗ್ಯಾರೇಜೊಂದರಲ್ಲಿ ಒಮ್ಮೆ ಫಿಯೆಟ್ 1100 ಡಿಲೈಟ್ ಒಂದು ಟಿಂಕರಿಂಗ್‌ಗೆ ಬಂದು ನಿಂತಿತ್ತು. ಬಾಗಿಲಿನ ಬಣ್ಣ ಕೆರೆಯುತ್ತಿದ್ದ ಹುಡುಗ ಕೈ ನಿಲ್ಲಿಸಿ ನೋಡಿದ. ಕೆನೆಬಣ್ಣದ ಕೆಳಗೆ ಹಸಿರು, ಹಸಿರಿನ ಕೆಳಗೆ ಒಂದು ಬಿಳಿ ವೃತ್ತ, ಅದರೊಳಗೆ ಅರ್ಧ ಅಳಿಸಿದ ಅಂಕಿ. ಯಾವುದೋ ಕಾಲದಲ್ಲಿ ರ‍್ಯಾಲಿಗೋ ರೇಸಿಗೋ ಓಡಿದ ಗಾಡಿ. ಯಾರು ಓಡಿಸಿದರು, ಗೆದ್ದಿತೋ ನಡುದಾರಿಯಲ್ಲಿ ನಿಂತಿತೋ, ಯಾರಿಗೂ ಗೊತ್ತಿರಲಿಲ್ಲ. ಮಾಲೀಕರಿಗೆ ಬೇಕಿದ್ದುದು ‘ಶೋರೂಮ್ ಕಂಡೀಷನ್’. ಸಂಜೆಯೊಳಗೆ ಉಪ್ಪುಕಾಗದ ಆ ವೃತ್ತವನ್ನು ತಿಂದುಹಾಕಿತು.

ಗಾಡಿ ಆಮೇಲೆ ಚೆನ್ನಾಗಿಯೇ ಕಂಡಿತು. ನನ್ನ ತಕರಾರು ಆ ಚೆಂದದ ಮೇಲೆಯೇ. ಹಳೆ ಕಾರನ್ನು ನಾವು ಮೆರವಣಿಗೆಯ ಉತ್ಸವಮೂರ್ತಿಯ ಹಾಗೆ ಅಲಂಕರಿಸುತ್ತೇವೆ, ಅದರ ಬದುಕನ್ನು ಓದುವುದಿಲ್ಲ. ನಮ್ಮೂರ ಬೊಂಬೆಗೆ ಹೊಳಪು ಕೊಡುವ ಕೆಲಸ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಆಲೆಮರದ ತುಂಡು ಲೇತಿನಲ್ಲಿ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಬಣ್ಣ ಕರಗಿ ಹತ್ತುತ್ತದೆ, ತಾಳೆಗರಿ ಹಿಡಿದರೆ ಮಿರುಗುತ್ತದೆ. ಬೊಂಬೆಗೆ ಅದು ಹುಟ್ಟು. ಅರವತ್ತು ವರ್ಷ ಓಡಿದ ಕಾರಿಗೆ ಅದೇ ಹೊಳಪು ಹಚ್ಚಿದರೆ ಅದು ಮರೆವು.

ಇದಕ್ಕೆ ಎದುರಾಗಿ ನಾನು ಇಡುವುದು ಇಟಲಿಯ ಒಂದು ಕಾರನ್ನು. ಫೆರಾರಿ 250 ಜಿಟಿಒ. 1962ರಿಂದ 1964ರವರೆಗೆ ತಯಾರಾದದ್ದು ಒಟ್ಟು 36. ಅವುಗಳಲ್ಲಿ ಒಂದರ ಚಾಸಿ ಸಂಖ್ಯೆ 3413. 1962ರಲ್ಲಿ ಕಂಪನಿ ಅದನ್ನು ಮೊದಲು ಪರೀಕ್ಷೆಗೆ ಬಳಸಿತು. ಸಿಸಿಲಿ ದ್ವೀಪದ ಬೆಟ್ಟದ ದಾರಿಗಳಲ್ಲಿ ನಡೆಯುತ್ತಿದ್ದ ಟಾರ್ಗಾ ಫ್ಲೋರಿಯೊ ರೇಸಿನ ಅಭ್ಯಾಸದಲ್ಲಿ ಅದನ್ನು ಓಡಿಸಿದ್ದು ಫಿಲ್ ಹಿಲ್, ಹಿಂದಿನ ವರ್ಷವಷ್ಟೇ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದವನು. ಆಮೇಲೆ ಕಾರು ಎದುವಾರ್ದೊ ಲುವಾಲ್ದಿ ಗಬಾರ್ದಿಯ ಕೈಗೆ ಬಂತು. ಆ ವರ್ಷದ ಇಟಲಿಯ ಜಿಟಿ ಚಾಂಪಿಯನ್‌ಷಿಪ್ ಅವನದಾಯಿತು. ಮುಂದಿನ ಒಡೆಯ ಜಾನ್ನಿ ಬುಲ್ಗಾರಿ, ಒಡವೆಗೆ ಹೆಸರಾದ ಮನೆತನದವನು. 1963ರ ಟಾರ್ಗಾ ಫ್ಲೋರಿಯೊದಲ್ಲಿ ಕಾರು ತನ್ನ ವರ್ಗದಲ್ಲಿ ಮೊದಲು ಬಂತು. 1964ರಲ್ಲಿ ಅದೇ ದಾರಿ, ಅದೇ ವರ್ಗ, ಮತ್ತೆ ಗೆಲುವು. ಆಗ ಒಡೆಯ ಕೊರಾದೊ ಫೆರ್ಲಾಯ್ನೊ. ಇಪ್ಪತ್ತು ವರ್ಷದ ಮೇಲೆ ನಾಪೊಲಿ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷನಾಗಿ ಮರಡೋನಾನನ್ನು ಕರೆತಂದವನು ಇವನೇ.

ಇಲ್ಲಿ ಒಂದು ಸಂಗತಿಯ ಹತ್ತಿರ ನಿಲ್ಲಬೇಕು. ಅದೇ 1964ರಲ್ಲಿ ಈ ಕಾರಿನ ಮೈಯನ್ನೇ ಬದಲಾಯಿಸಿದರು. ಮೊದಲಿನ ಅಲ್ಯೂಮಿನಿಯಂ ಹೊದಿಕೆ ತೆಗೆದು, ಸ್ಕಾಲಿಯೆಟ್ಟಿಯ ಕಾರ್ಖಾನೆಯಲ್ಲಿ ಆ ವರ್ಷದ ಹೊಸ ಆಕಾರದ ಮೈ ತೊಡಿಸಿದರು. ರೇಸಿನವರಿಗೆ ‘ಒರಿಜಿನಲ್’ ಎಂಬ ಭಕ್ತಿ ಇರಲಿಲ್ಲ, ಅವರಿಗೆ ಬೇಕಿದ್ದದ್ದು ವೇಗ. ಹಾಗಾದರೆ ಕಾರಿನ ಬೆಲೆ ಕುಸಿಯಿತೇ? 2018ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಹರಾಜಿನಲ್ಲಿ ಅದು 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಮೈ ಬದಲಾದ ವರ್ಷ, ಬದಲಾಯಿಸಿದ ಕೈ, ಬದಲಾದ ಕಾರಣ ಎಲ್ಲವೂ ದಾಖಲೆಯಲ್ಲಿವೆ. ಕೊಳ್ಳುವವರು ಆ ದಾಖಲೆಗೂ ಬೆಲೆ ಕಟ್ಟಿದರು. ಅಷ್ಟು ಹಣ ಒಂದು ಕಾರಿಗೆ ಸಲ್ಲುತ್ತದೆಯೇ ಎಂಬುದು ಬೇರೆ ಮಾತು, ನನಗೆ ಸಲ್ಲುವುದಿಲ್ಲ ಅನ್ನಿಸುತ್ತದೆ. ಆದರೆ ಆ ಲೆಕ್ಕದ ಹಿಂದಿರುವ ಓದುವ ಶಿಸ್ತನ್ನು ಮೆಚ್ಚದೆ ಇರಲಾರೆ.

ಬದಲಾದ ಕಾರು ಅದೇ ಕಾರೇ ಎಂಬ ಪ್ರಶ್ನೆ ಇಂಗ್ಲೆಂಡಿನಲ್ಲಿ ಕೋರ್ಟಿಗೂ ಹೋಗಿದೆ. 1929 ಮತ್ತು 1930ರಲ್ಲಿ ಲ ಮಾನ್ಸ್ ರೇಸು ಗೆದ್ದ ಬೆಂಟ್ಲಿ ‘ಓಲ್ಡ್ ನಂಬರ್ ಒನ್’ ಕಾರನ್ನು ಆಮೇಲೆ ಎಷ್ಟು ಬಾರಿ ಬಿಚ್ಚಿ ಕಟ್ಟಿದ್ದರೆಂದರೆ, ಗೆದ್ದ ದಿನದ ಭಾಗಗಳು ಅದರಲ್ಲಿ ಹೆಚ್ಚು ಉಳಿದಿರಲಿಲ್ಲ. ಕೊಳ್ಳಲು ಒಪ್ಪಿದವರು ಇದು ಆ ಕಾರೇ ಅಲ್ಲ ಎಂದು ತಕರಾರು ತೆಗೆದರು. 1990ರಲ್ಲಿ ಬಂದ ತೀರ್ಪು ಮಾರುವವರ ಪರವಾಗಿತ್ತು: ಬದುಕಿನ ಎಳೆ ಎಲ್ಲೂ ಕಡಿದಿಲ್ಲ, ಆದ್ದರಿಂದ ಇದು ಅದೇ ಕಾರು. ಭಾಗ ಬದಲಾದರೂ ಬಾಳು ಒಂದೇ ಎಂಬ ಆ ವಿವೇಕ ನನಗೆ ತುಂಬ ಹಿಡಿಸಿತು.

ಈಗ ನಮ್ಮ ನಿಯಮಕ್ಕೆ ಬರೋಣ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆಂದೇ ನೋಂದಣಿ ವ್ಯವಸ್ಥೆ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳು ಬರುತ್ತವೆ, ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಹಳೆ ನಂಬರನ್ನೇ ಉಳಿಸಿಕೊಳ್ಳಲೂ ಅವಕಾಶವಿದೆ. ಇಷ್ಟೂ ಒಳ್ಳೆಯದು, ಬೇಕಿತ್ತು. ಎಡವಿರುವುದು ವ್ಯಾಖ್ಯೆಯಲ್ಲಿ. ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಅಕ್ಷರಶಃ ಓದಿದರೆ ಮೈ ಬದಲಿಸಿಕೊಂಡ 3413 ಇಲ್ಲಿ ವಿಂಟೇಜ್ ಆಗುವುದೇ ಕಷ್ಟ. ಶೋಕೇಸಿನಲ್ಲಿ ನಿಂತೇ ಮುಪ್ಪಾದ ಕಾರಿಗೆ ಈ ಬಾಗಿಲು ಸಲೀಸಾಗಿ ತೆರೆಯುತ್ತದೆ, ದುಡಿದು ಗಾಯಗೊಂಡ ಕಾರು ಹೊಸ್ತಿಲಲ್ಲಿ ನಿಲ್ಲುತ್ತದೆ.

ನಮ್ಮ ಪಾಲಿಗೆ ಬಂದ ಇಟಲಿಯ ಕಾರು ಫೆರಾರಿಯಲ್ಲ, ಫಿಯೆಟ್. ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸುತ್ತಿದ್ದ ಅದೇ 1100, ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡದ್ದು. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಮದರಾಸಿನ ಹತ್ತಿರದ ಶೋಳವರಂ ಏರ್‌ಸ್ಟ್ರಿಪ್ಪಿನ ರೇಸುಗಳಲ್ಲಿ, ಕರ್ನಾಟಕದ ಕೆ-1000 ರ‍್ಯಾಲಿಯ ಮಣ್ಣಿನ ದಾರಿಗಳಲ್ಲಿ ಈ ಮನೆವಾರ್ತೆಯ ಕಾರು ಹುಲಿಯಾಗುತ್ತಿತ್ತು. ಹಿಂದಿನ ಸೀಟು ಕಿತ್ತು ಭಾರ ಇಳಿಸುತ್ತಿದ್ದರು, ಹೆಡ್ ಶೇವ್ ಮಾಡಿಸಿ ಕಂಪ್ರೆಷನ್ ಏರಿಸುತ್ತಿದ್ದರು, ಇನ್ನೊಂದು ಕಾರ್ಬುರೇಟರ್ ಕೂರಿಸುತ್ತಿದ್ದರು. ಸೋಮವಾರ ಅದೇ ಕಾರಿನಲ್ಲಿ ಮಕ್ಕಳು ಶಾಲೆಗೆ. ಟಾರ್ಗಾ ಫ್ಲೋರಿಯೊದ ವೈಭವಕ್ಕಿಂತ ಈ ಎರಡು ಜೀವ ನನಗೆ ಹೆಚ್ಚು ಪ್ರಿಯ. ಆದರೆ ಅದರ ದಾಖಲೆ ಎಲ್ಲಿದೆ? ಹಳೆಯ ಆರ್‌ಸಿ ಪುಸ್ತಕದಲ್ಲಿ ಗಾಡಿ ಕೈಬದಲಾದಾಗಲೆಲ್ಲ ಹೆಸರು, ತಾರೀಖು, ಮೊಹರು ಬೀಳುತ್ತಿತ್ತು. ಒಂದೊಂದು ಪುಸ್ತಕವೂ ಪುಟ್ಟ ವಂಶಾವಳಿ. ಈಗಿನ ಕಾರ್ಡಿನಲ್ಲಿ ಇವತ್ತಿನ ಮಾಲೀಕನ ಹೆಸರಿದ್ದರೆ ಆಯಿತು. ಹಳೆ ಪುಸ್ತಕಗಳನ್ನು ರದ್ದಿಗೆ ಹಾಕಿದವರನ್ನು ನಾನೇ ಬಲ್ಲೆ.

ಕಥೆಯಿಂದ ಲೋಹಕ್ಕೆ ಬೆಲೆ ಬರುವುದನ್ನು ನೋಡಲು ರಾಮನಗರದವರು ಇಟಲಿಗೆ ಹೋಗಬೇಕಾಗಿಲ್ಲ. ರಾಮದೇವರ ಬೆಟ್ಟದ ಬಂಡೆಗಳ ನಡುವೆ ಚಿತ್ರೀಕರಣವಾಗಿ 1975ರಲ್ಲಿ ತೆರೆಗೆ ಬಂದ ‘ಶೋಲೆ’ಯ ಸೈಡ್‌ಕಾರ್ ಬೈಕು ಒಂದು ಬಿಎಸ್‌ಎ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಆ ಮಾದರಿ ಲಕ್ಷಕ್ಕೂ ಹೆಚ್ಚು ತಯಾರಾಗಿತ್ತು, ಅಪರೂಪದ್ದೇನಲ್ಲ. ಆದರೆ ಜಯ್-ವೀರು ಕೂತು ಹಾಡಿದ ಬೈಕು ಎಂದೊಡನೆ ಜನ ಮುತ್ತಿಕೊಳ್ಳುತ್ತಾರೆ. 2025ರ ಗೋವಾ ಚಿತ್ರೋತ್ಸವದಲ್ಲಿ ಅದನ್ನು ಪ್ರದರ್ಶನಕ್ಕೂ ಇಟ್ಟಿದ್ದರು.

ಕೈಯಿಂದ ಕೈಗೆ ಬಂದ ಚರಿತ್ರೆ ಕೇಳುವುದು ನಮಗೆ ಹೊರಗಿನಿಂದ ಕಲಿಯಬೇಕಾದ ವಿದ್ಯೆಯೂ ಅಲ್ಲ. ಮಾಗಡಿ ಸೀಮೆಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿ ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಕೊನೆಗೆ ‘ಯಾರ ಮನೆ ಕರು ಇದು?’ ಅನ್ನುತ್ತಾನೆ. ತಾಯಿ ಯಾವುದು, ಯಾರು ಪಳಗಿಸಿದರು, ಎಷ್ಟು ಆರಂಬ ಮಾಡಿದೆ ಎಂದೆಲ್ಲ ತಿಳಿದ ಮೇಲೆಯೇ ಟವೆಲ್ಲಿನಡಿ ಬೆರಳಿನ ವ್ಯಾಪಾರ. ಹಳ್ಳಿಗಳ ಚರಿತ್ರೆಯನ್ನು ಕೈಫಿಯತ್ತಾಗಿ ಬರೆಸಿಟ್ಟ ನಾಡು ಇದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಸರ್ವೆ ಅಧಿಕಾರಿ ಮೆಕೆಂಜಿಗಾಗಿ ಬರೆದುಕೊಟ್ಟ ಅಂಥ ಕಾಗದಗಳನ್ನು ಚರಿತ್ರಕಾರರು ಇವತ್ತಿಗೂ ಓದುತ್ತಿದ್ದಾರೆ. ಕಾರಿಗೆ ಅಂಥದ್ದೊಂದು ಬೇಕೆನ್ನುವುದು ದೊಡ್ಡ ಬೇಡಿಕೆಯೇನಲ್ಲ. ಎರಡು ರೂಲುಪುಸ್ತಕ, ಹಳೆ ಬಿಲ್ಲುಗಳು, ಬಣ್ಣ ಕೆರೆಯುವ ಮುನ್ನ ತೆಗೆದ ನಾಲ್ಕು ಫೋಟೊ, ಬೋರ್ ಮಾಡಿಸಿದ ತಾರೀಖು, ಮೆಕ್ಯಾನಿಕ್ಕಿನ ನೆನಪು ಅವನು ಬದುಕಿರುವಾಗಲೇ. ವಿಂಟೇಜ್ ಪ್ರದರ್ಶನಗಳಲ್ಲಿ ತೀರ್ಪು ಕೊಡುವವರು ಕ್ರೋಮಿನ ಮೇಲೆ ಬೆರಳಾಡಿಸುವ ಮೊದಲು ಈ ಪುಸ್ತಕ ಕೇಳಲಿ.

ಬಿಡದಿಯಲ್ಲಿ 1999ರ ಕೊನೆಯಿಂದ ಕಾರುಗಳು ಹುಟ್ಟುತ್ತಿವೆ. ಮೊದಲು ಹೊರಬಂದದ್ದು ಟೊಯೊಟ ಕ್ವಾಲಿಸ್. 2000ದಲ್ಲಿ ನೋಂದಣಿಯಾದವು 2050ರಲ್ಲಿ ಐವತ್ತು ತುಂಬಿಕೊಳ್ಳುತ್ತವೆ. ಕನಕಪುರದ ರಸ್ತೆಯಲ್ಲಿ ಮೊನ್ನೆ ಅಂಥದೊಂದು ಕ್ವಾಲಿಸ್ ಸಿಕ್ಕಿತು. ಹಿಂದೆ ರೇಷ್ಮೆಗೂಡಿನ ಚೀಲ, ಮುಂದಿನ ಬಂಪರಿಗೆ ಯಾವುದೋ ಮದುವೆಯ ಒಣಗಿದ ಮಾವಿನೆಲೆ. ಎಷ್ಟನೆಯ ಕೈ ಎಂದು ಕೇಳಿದೆ. ಓಡಿಸುತ್ತಿದ್ದವರು ನಾಲ್ಕನೆಯದು ಎಂದರು. ಮೊದಲಿನ ಮೂವರು ಯಾರು ಎಂದು ಕೇಳುವಷ್ಟರಲ್ಲಿ ಹಿಂದಿನ ಬಸ್ಸು ಹಾರ್ನ್ ಮಾಡಿತು.