ಫೈಟರ್‌ಗೂ ಮಾಗಿಯ ಚಳಿ

ಮಾಗಿ ಚಳಿ ಬಿತ್ತೆಂದರೆ ಶಿವಮೊಗ್ಗದ ಕೋಟೆ ರಸ್ತೆಯ ನಮ್ಮ ಮನೆಗೆ ಬರುವ ಫೋನುಗಳದ್ದೆಲ್ಲ ಒಂದೇ ರಾಗ: ‘ಸಾರ್, ಫೈಟರ್ ಮೀನು ತಳ ಹಿಡಿದು ಮಲಗಿದೆ, ಕಾಳು ಮುಟ್ಟುತ್ತಿಲ್ಲ.’ ಕಳೆದ ವಾರ ಭದ್ರಾವತಿಯಿಂದ ಮಾತಾಡಿದ ಹುಡುಗನನ್ನು ಕೇಳಿದೆ, ‘ಯಾವುದರಲ್ಲಿ ಇಟ್ಟಿದ್ದೀಯಪ್ಪಾ?’ ‘ಹಾರ್ಲಿಕ್ಸ್ ಬಾಟ್ಲಿ ಸಾರ್.’

ಬಯ್ಯಲು ನನಗೆ ಬಾಯಿಲ್ಲ. ನನ್ನ ಮೊದಲ ಫೈಟರ್ ಸತ್ತಿದ್ದೂ ಟೀವಿ ಮೇಲಿನ ಗಾಜಿನ ಬೋಗುಣಿಯಲ್ಲೇ. ‘ಇದಕ್ಕೆ ಗಾಳಿ ಯಂತ್ರ ಬೇಡ, ಲೋಟದಲ್ಲೂ ಬದುಕುತ್ತೆ’ ಎಂದಿದ್ದರು ಮಾರಿದವರು. ಅರ್ಧ ನಿಜ. ಥಾಯ್ಲೆಂಡಿನ ಭತ್ತದ ಗದ್ದೆ, ಜೌಗುಗಳ ಬೆಚ್ಚನೆಯ ನಿಂತ ನೀರು ಇದರ ತವರು. ಅಲ್ಲಿ ಆಮ್ಲಜನಕ ಕಡಿಮೆ. ಆದ್ದರಿಂದ ಕಿವಿರಿನ ಮೇಲ್ಭಾಗದಲ್ಲಿ ಮಡಿಕೆ ಮಡಿಕೆಯಾದ ಲ್ಯಾಬಿರಿಂತ್ ಎಂಬ ಅಂಗವಿದೆ. ನೀರಿನಿಂದ ಮೂತಿ ಹೊರಗಿಟ್ಟು ನೇರ ಗಾಳಿಯನ್ನೇ ಗುಟುಕರಿಸುತ್ತದೆ. ಗದ್ದೆಯ ಕೊರವ ಮೀನೂ ಗಾಳಿ ಕುಡಿದು ಕೆಸರಲ್ಲಿ ದಿನ ನೂಕುವುದನ್ನು ಮಲೆನಾಡಿನವರು ಕಂಡಿದ್ದೇವೆ. ಹಾಗೆಂದು ಕೊರವವನ್ನು ಯಾರೂ ಚೊಂಬಿನಲ್ಲಿ ಸಾಕುವುದಿಲ್ಲ. ಜೀವ ಹಿಡಿದುಕೊಂಡಿರುವುದು ಬೇರೆ, ಬಾಳುವುದು ಬೇರೆ.

ಬಾಟಲಿಯ ಕಷ್ಟ ಎರಡು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ಒಂದು ಲೀಟರಿನಲ್ಲಿ ಬೇಗ ವಿಷವಾಗುತ್ತದೆ. ಇನ್ನೊಂದು ಚಳಿ. ಫೈಟರ್‌ಗೆ 24ರಿಂದ 28 ಡಿಗ್ರಿಯ ನೀರು ಬೇಕು. ಮಾಗಿಯ ಬೆಳಗಿನ ಜಾವ ಶಿವಮೊಗ್ಗ 15-16ಕ್ಕೆ ಇಳಿಯುವುದುಂಟು. ಸ್ವಲ್ಪ ನೀರು ಬೇಗ ತಣಿಯುತ್ತದೆ, ಮೀನು ಮಂಕಾಗುತ್ತದೆ.

ನನ್ನ ಲೆಕ್ಕ ಸರಳ: 20 ಲೀಟರಿನ ತೊಟ್ಟಿ, 25 ವಾಟಿನ ಹೀಟರ್, ಮೆಲ್ಲಗೆ ಗುಳ್ಳೆ ಬಿಡುವ ಸ್ಪಂಜ್ ಫಿಲ್ಟರ್, ಮೇಲೊಂದು ಮುಚ್ಚಳ. ಫೈಟರ್ ನೆಗೆಯುವ ಜಾತಿ, ಮುಚ್ಚಳ ಮರೆತರೆ ಬೆಳಿಗ್ಗೆ ನೆಲದ ಮೇಲೆ ಹುಡುಕಬೇಕು. ‘ತುಂಗಾ ಪಾನ, ಗಂಗಾ ಸ್ನಾನ’ ಎನ್ನುವ ಊರಿನಲ್ಲಿದ್ದೇವೆ ನಿಜ, ಆದರೆ ನಲ್ಲಿಯಲ್ಲಿ ತುಂಗೆಯ ಜೊತೆ ಕ್ಲೋರಿನ್ನೂ ಬರುತ್ತದೆ. ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು, ತೊಟ್ಟಿಯಷ್ಟೇ ಬೆಚ್ಚಗೆ ಮಾಡಿ, ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿ. ಬೀದಿಯ ಬಾದಾಮಿ ಮರದಿಂದ ಕೆಂಪಾಗಿ ಉದುರಿದ ಎಲೆಯೊಂದನ್ನು ತೊಳೆದು ಒಣಗಿಸಿ ಹಾಕಿ. ನೀರು ತಿಳಿ ಕಷಾಯದ ಬಣ್ಣಕ್ಕೆ ತಿರುಗುತ್ತದೆ, ಮೀನಿನ ಬಣ್ಣ ಅದರಲ್ಲೇ ಚೆನ್ನಾಗಿ ಎದ್ದು ಕಾಣುವುದು.

ಕೊಳ್ಳುವಾಗ ಎಲ್ಲರ ಕಣ್ಣೂ ಅರ್ಧಚಂದ್ರದಂತೆ ಬಾಲ ಬಿಚ್ಚುವ ಹಾಫ್‌ಮೂನ್ ಮೇಲೆ. ನನ್ನ ಮತ ಗಿಡ್ಡ ಬಾಲದ ಪ್ಲಾಕಟ್‌ಗೆ. ಹಾಫ್‌ಮೂನ್ ತನ್ನ ಸೆರಗನ್ನು ತಾನೇ ಎಳೆದು ದಣಿಯುತ್ತದೆ, ಕೆಲವೊಮ್ಮೆ ತಾನೇ ಕಚ್ಚಿ ಹರಿದುಕೊಳ್ಳುತ್ತದೆ. ಪ್ಲಾಕಟ್ ಈಜು ಬಲ್ಲ ಮೀನು. ಥಾಯ್ ಭಾಷೆಯಲ್ಲಿ ಆ ಹೆಸರಿಗೆ ಕಚ್ಚುವ ಮೀನು ಎಂದರ್ಥ. ಆದರೆ 1910ರಲ್ಲಿ ವಿಜ್ಞಾನಿ ರೀಗನ್ ಫೈಟರ್‌ಗೆ ಇಟ್ಟ ಹೆಸರು ‘ಬೆಟ್ಟಾ ಸ್ಪ್ಲೆಂಡೆನ್ಸ್’, ಹೊಳೆಯುವ ಬೆಟ್ಟಾ. 2019ರಲ್ಲಿ ಥಾಯ್ಲೆಂಡ್ ಇದನ್ನು ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಎರಡು ಗಂಡುಗಳನ್ನು ಒಟ್ಟಿಗೆ ಬಿಟ್ಟವನು ಕಚ್ಚುವುದನ್ನಷ್ಟೇ ಕಾಣುತ್ತಾನೆ. ಹೊಳಪು ಕಾಣಬೇಕಾದರೆ ಒಂದೊಂದಕ್ಕೂ ಒಂದು ಮನೆ ಕೊಡಬೇಕು.

ಒಂದು ಮಾತು: ಗಂಡು ನೀರಿನ ಮೇಲೆ ನೊರೆಗೂಡು ಕಟ್ಟಿತೆಂದು ಸುಖವಾಗಿದೆ ಎಂದುಕೊಳ್ಳಬೇಡಿ. ಬಾಟಲಿಯಲ್ಲೂ ಕಟ್ಟುತ್ತದೆ. ನೀವು ಹತ್ತಿರ ಹೋದಾಗ ರೆಕ್ಕೆ ಬಿಚ್ಚಿ ಎದುರಿಗೆ ಬರುತ್ತದೆಯೇ, ಅದನ್ನು ನೋಡಿ.

ಭಾನುವಾರ ಹುಡುಗ ಮತ್ತೆ ಫೋನು ಮಾಡಿದ. ತೊಟ್ಟಿ ಬಂತಂತೆ, ಮೀನು ಕಾಳು ತಿಂದಿತಂತೆ. ‘ಬಾಟ್ಲಿ ಏನ್ ಮಾಡ್ಲಿ ಸಾರ್?’

‘ಬಾದಾಮಿ ಎಲೆ ತುಂಬಿಡು.’