ಪಟ್ಟಿ ಓದದ ಇಂಟರ್ನ್‌ಶಿಪ್

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ರಬ್ಬರ್ ಮೊಹರಿದೆ. ‘ಸಂಚಾಲಕರು, ಮತದಾರರ ಸಾಕ್ಷರತಾ ಸಂಘ’. ಜನವರಿ 25ರ ರಾಷ್ಟ್ರೀಯ ಮತದಾರರ ದಿನ ಕಳೆದ ಮೇಲೆ ಅದಕ್ಕೆ ಕೈತುಂಬ ಕೆಲಸ. ಚುನಾವಣೆಯ ವರ್ಷವಾದರೆ ಏಪ್ರಿಲ್, ಮೇನಲ್ಲಿ ಇನ್ನೊಂದು ಸುಗ್ಗಿ. ರಂಗೋಲಿ ಬಿಟ್ಟವರಿಗೊಂದು ಪ್ರಮಾಣಪತ್ರ, ಜಾಥಾದಲ್ಲಿ ಬ್ಯಾನರ್ ಹಿಡಿದವರಿಗೊಂದು, ಪ್ರತಿಜ್ಞಾವಿಧಿಗೆ ಮೈಕು ಹಿಡಿದವರಿಗೊಂದು. ಮೊದಲೆಲ್ಲ ಅದನ್ನು ‘ಭಾಗವಹಿಸಿದ್ದಕ್ಕಾಗಿ’ ಎಂದು ಕೊಡುತ್ತಿದ್ದೆವು. ಕಾಲೇಜಿನಲ್ಲಿ ಕ್ರೆಡಿಟ್ ಲೆಕ್ಕ ಶುರುವಾದ ಮೇಲೆ ಅದೇ ಕಾಗದಕ್ಕೆ ‘ಇಂಟರ್ನ್‌ಶಿಪ್’ ಎಂದು ನಾಮಕರಣವಾಯಿತು. ಕಾಗದದ ಅಂಚಿಗೆ ಬಂಗಾರದ ಬಣ್ಣವೂ ಬಂತು.

ಎರಡು ವರ್ಷದ ಹಿಂದೆ ಜಾಥಾ ಮುಗಿದು ಎಲ್ಲರೂ ಮಜ್ಜಿಗೆ ಕುಡಿಯುತ್ತಿದ್ದಾಗ ಒಬ್ಬ ಹುಡುಗಿ ಬಂದು ಕೇಳಿದಳು: “ಸರ್, ನಮ್ಮಮ್ಮನ ಹೆಸರು ಲಿಸ್ಟಿನಲ್ಲೇ ಇಲ್ಲ. ಮೊದಲು ಇತ್ತು. ಈಗ ಯಾವ ಫಾರಂ ಹಾಕಬೇಕು?” ಅಲ್ಲಿದ್ದ ಹನ್ನೆರಡು ಮಂದಿ ‘ಇಂಟರ್ನ್’ಗಳು ಪರಸ್ಪರ ಮುಖ ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು. ನಾನು ಫಾರಂ 6 ಇರಬೇಕು ಎಂದೆ, ಇಲ್ಲ 8 ಎಂದೆ, ತಹಶೀಲ್ದಾರ್ ಕಚೇರಿಯಲ್ಲಿ ಕೇಳು ಎಂದೆ. ‘ಮತದಾನ ನಮ್ಮ ಹಕ್ಕು’ ಎಂದು ಮೂರು ಕಿಲೋಮೀಟರ್ ಕೂಗಿಕೊಂಡು ಬಂದವರಲ್ಲಿ ಒಬ್ಬರಿಗೂ ಆ ಹಕ್ಕು ಯಾವ ಕಾಗದದಲ್ಲಿ ಕೂತಿದೆ ಎಂಬುದು ಗೊತ್ತಿರಲಿಲ್ಲ. ಸಂಚಾಲಕರಿಗೂ.

ಮತದಾರರ ಹಕ್ಕಿನ ಹೆಸರಿನಲ್ಲಿ ನಾವು ಯುವಕರಿಗೆ ಕೊಡುತ್ತಿರುವ ಈ ತರಬೇತಿಯನ್ನು ವಿಮರ್ಶೆ ಮಾಡುವ ಅರ್ಹತೆ ನನಗಿದ್ದರೆ, ಅದನ್ನು ವರ್ಷಗಟ್ಟಲೆ ನಡೆಸಿದ ತಪ್ಪಿತಸ್ಥನಾಗಿ ಮಾತ್ರ.

ಚುನಾವಣಾ ಆಯೋಗ 2009ರಲ್ಲಿ ಮತದಾರರ ಜಾಗೃತಿಗೆ ಸ್ವೀಪ್ ಕಾರ್ಯಕ್ರಮ ಆರಂಭಿಸಿತು. 2018ರಲ್ಲಿ ಶಾಲೆ ಕಾಲೇಜುಗಳಿಗೆ ಸಾಕ್ಷರತಾ ಸಂಘಗಳು ಬಂದವು. ಕಾಲೇಜಿನ ಒಬ್ಬಿಬ್ಬರು ವಿದ್ಯಾರ್ಥಿಗಳು ‘ಕ್ಯಾಂಪಸ್ ರಾಯಭಾರಿ’ಗಳಾಗುತ್ತಾರೆ. ಇದೆಲ್ಲ ವ್ಯರ್ಥ ಎನ್ನಲಾರೆ. 2019ರ ಲೋಕಸಭಾ ಚುನಾವಣೆಯಲ್ಲಿ ದೇಶದ ಹೆಂಗಸರ ಮತದಾನದ ಪ್ರಮಾಣ ಗಂಡಸರಿಗಿಂತ ಕೂದಲೆಳೆಯಷ್ಟು ಮೇಲೆ ಹೋಯಿತು. ಇದರಲ್ಲಿ ಸ್ವೀಪಿನ ಪಾಲೆಷ್ಟು, ಹೆಂಗಸರ ಸ್ವಂತ ಹಟದ ಪಾಲೆಷ್ಟು ಎಂದು ಯಾರೂ ತೂಗಿ ಹೇಳಲಾರರು. ಇತ್ತ 2024ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಓಟು ಹಾಕಿದವರು ನೂರಕ್ಕೆ ಸುಮಾರು 53. ನಗರದಲ್ಲಿ ಸೆಲ್ಫಿ ಪಾಯಿಂಟುಗಳಿಗೇನೂ ಬರವಿರಲಿಲ್ಲ.

ನನ್ನ ತಕರಾರು ಪ್ರಮಾಣದ ಬಗ್ಗೆ ಅಲ್ಲ. ‘ಓಟು ಹಾಕಿ’ ಎಂದು ಹೇಳುವುದು ಒಂದು ಕೆಲಸ. ಓಟು ಹಾಕಲು ಬಂದವನ ಹೆಸರು ಪಟ್ಟಿಯಲ್ಲಿ ಇರುವಂತೆ ನೋಡಿಕೊಳ್ಳುವುದು ಬೇರೆಯದೇ ಕೆಲಸ. ಮೊದಲನೆಯದಕ್ಕೆ ಗಂಟಲು ಸಾಕು, ಎರಡನೆಯದಕ್ಕೆ ಕಸುಬು ಬೇಕು. ಸಂವಿಧಾನದ 326ನೇ ವಿಧಿ ವಯಸ್ಕರೆಲ್ಲರಿಗೂ ಮತ ಎಂದಿತು. ಆದರೆ ಓಟಿನ ಹಕ್ಕು ಶಾಸನದಿಂದ ಬಂದದ್ದು ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಅಂದ ಮೇಲೆ ಆ ಹಕ್ಕಿನ ಜೀವ ಇರುವುದು 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಲ್ಲಿ, 1960ರ ನೋಂದಣಿ ನಿಯಮಗಳಲ್ಲಿ, ಕೊನೆಗೆ ನಿಮ್ಮ ಬೀದಿಯ ಭಾಗ ಸಂಖ್ಯೆಯಲ್ಲಿ. ನಮ್ಮ ಯಾವ ಇಂಟರ್ನ್‌ಶಿಪ್ಪೂ ಅಲ್ಲಿಗೆ ಕಾಲಿಡುವುದಿಲ್ಲ.

ಆ ಹುಡುಗಿಯನ್ನು ಕರೆದುಕೊಂಡು ಮುಂದಿನ ಭಾನುವಾರ ವಿಶೇಷ ನೋಂದಣಿ ಅಭಿಯಾನ ನಡೆಯುತ್ತಿದ್ದ ಸರ್ಕಾರಿ ಶಾಲೆಗೆ ಹೋದೆ. ಒಂದನೇ ತರಗತಿಯ ಕೋಣೆ. ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಿಸಿ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಕೂತಿದ್ದರು. ವಾರವೆಲ್ಲ ಅಂಗನವಾಡಿ, ಭಾನುವಾರ ಇದು. ಎದುರಿಗೆ ಪಟ್ಟಿಯ ಪ್ರತಿ, ಅದರ ಮೇಲೆ ಸೀಸದ ಕಡ್ಡಿಯಲ್ಲಿ ಸಣ್ಣ ಸಣ್ಣ ಗುರುತು. ತಾಯಿಯ ಹೆಸರು, ಹಳೆಯ ಬೀದಿ ಹೇಳಿದ್ದೇ ತಡ, ಪುಟ ತಿರುವಿ ಬೆರಳಿಟ್ಟರು. ಹೆಸರಿನ ಚೌಕದ ಮೇಲೆ ಅಳಿಸಿದ ಮುದ್ರೆ, ಪಕ್ಕದಲ್ಲಿ ಇಂಗ್ಲಿಷಿನ ಎಸ್ ಅಕ್ಷರ. “ಇ ಅಂದ್ರೆ ತೀರ್ಕೊಂಡೋರು, ಎಸ್ ಅಂದ್ರೆ ಜಾಗ ಬಿಟ್ಟೋರು, ಆರ್ ಅಂದ್ರೆ ಎರಡು ಸಲ ಇದ್ದೋರು,” ಎಂದು ಅಕ್ಷರಮಾಲೆ ಹೇಳಿಕೊಡುವ ದನಿಯಲ್ಲೇ ವಿವರಿಸಿದರು. ಬಾಡಿಗೆ ಮನೆ ಬದಲಿಸಿದಾಗ ಹಳೆಯ ಮನೆಯಲ್ಲಿ ಇಲ್ಲವೆಂದು ತೆಗೆದಿದ್ದಾರೆ, ಹೊಸ ಮನೆಯಲ್ಲಿ ಸೇರಿಸಿಲ್ಲ. ತೆಗೆಯುವ ಮುಂಚೆಯೇ ಫಾರಂ 8 ಹಾಕಿದ್ದರೆ ಹೆಸರು ಹಾಗೇ ಸ್ಥಳ ಬದಲಾಯಿಸುತ್ತಿತ್ತು. ಈಗ ತೆಗೆದಾಗಿದೆ, ಹೊಸದಾಗಿ ಫಾರಂ 6. ನನ್ನ ‘6 ಇರಬೇಕು, ಇಲ್ಲ 8’ ಎಂಬ ತೊದಲುವಿಕೆಗೆ ಉತ್ತರ ಎರಡೇ ನಿಮಿಷದಲ್ಲಿ ಸಿಕ್ಕಿತು.

ಹೋಗುವ ಮುಂಚೆ ಅವರು ಇನ್ನೊಂದು ಹೇಳಿದರು. ಮನೆಯೇ ಇಲ್ಲದವರು ಅರ್ಜಿ ಹಾಕಿದರೆ ವಿಳಾಸದ ದಾಖಲೆ ಕೇಳುವಂತಿಲ್ಲ. ಬದಲಿಗೆ ಬಿಎಲ್‌ಒ ರಾತ್ರಿ ಹೊತ್ತು ಆ ಜಾಗಕ್ಕೆ ಹೋಗಿ, ಅರ್ಜಿಯಲ್ಲಿ ಬರೆದ ಕಡೆಯೇ ಆತ ಮಲಗುತ್ತಾನೆಯೇ ಎಂದು ಕಣ್ಣಾರೆ ನೋಡಬೇಕು. ಒಂದು ರಾತ್ರಿ ಸಾಲದು. ಆಯೋಗದ ಕೈಪಿಡಿಯಲ್ಲೇ ಇದಿದೆ. ನನಗೆ ಮೈ ಜುಮ್ಮೆಂದಿತು. ಮೇಲ್ಸೇತುವೆಯ ಕೆಳಗೆ ಕಂಬಳಿ ಹೊದ್ದವನ ನಿದ್ದೆಯೇ ಅವನ ವಿಳಾಸದ ಪುರಾವೆ! ಪೌರತ್ವದ ಬಗ್ಗೆ ಮೂರು ಸೆಮಿಸ್ಟರ್ ಪಾಠ ಮಾಡಿದ್ದೇನೆ. ಇಷ್ಟು ಒಳ್ಳೆಯ ಉದಾಹರಣೆ ನನ್ನ ಬಾಯಿಂದ ಒಮ್ಮೆಯೂ ಬಂದಿಲ್ಲ. ಅಂಥ ಒಂದು ರಾತ್ರಿ ಬಿಎಲ್‌ಒ ಜೊತೆ ಹೋಗಿಬಂದ ವಿದ್ಯಾರ್ಥಿಗೆ ಬೇರೆ ಪ್ರಬಂಧ ಬರೆಸುವ ಅಗತ್ಯವಿಲ್ಲ.

ಈ ಕಸುಬಿನ ಬೆಲೆ ಏನೆಂದು ತಿಳಿಯಲು ಆಳಂದದ ಕಥೆ ಸಾಕು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆ ಕ್ಷೇತ್ರದಲ್ಲಿ ಹೆಸರು ಅಳಿಸುವಂತೆ ಕೋರಿ ಆನ್‌ಲೈನಿನಲ್ಲಿ 6,018 ಫಾರಂ 7 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸಾಚಾ ಎನಿಸಿದ್ದು 24. ಉಳಿದ 5,994 ತಿರಸ್ಕೃತವಾದವು, ಪೊಲೀಸ್ ಪ್ರಕರಣ ದಾಖಲಾಯಿತು. ಇದು ಬಯಲಾದದ್ದು ಹೇಗೆ? ವರದಿಯಾದಂತೆ, ಒಬ್ಬ ಬಿಎಲ್‌ಒ ತನ್ನ ಬಂಧುವಿನ ಹೆಸರನ್ನೇ ಅಳಿಸಲು ಅರ್ಜಿ ಬಂದದ್ದನ್ನು ಕಂಡು ಹುಬ್ಬೇರಿಸಿದ್ದರಿಂದ. ಅರ್ಜಿ ಯಾರ ಹೆಸರಿನಲ್ಲಿತ್ತೋ ಆ ನೆರೆಯವರಿಗೆ ಅದರ ಸುಳಿವೇ ಇರಲಿಲ್ಲ. ಮತದ ಹಕ್ಕನ್ನು ಕಾಯ್ದದ್ದು ಘೋಷಣೆಯಲ್ಲ, ಪಟ್ಟಿಯ ಹೆಸರುಗಳನ್ನು ಮುಖಗಳಾಗಿ ಬಲ್ಲ ಕೆಳಹಂತದ ನೌಕರರೊಬ್ಬರು. ಆಳಂದದ ಆ ಅರ್ಜಿಗಳ ಮಾದರಿಯನ್ನು ತರಗತಿಯಲ್ಲಿಟ್ಟು ‘ಇದರಲ್ಲಿ ಅನುಮಾನ ಬರುವಂಥದ್ದು ಯಾವುದು’ ಎಂದು ಕೇಳುವ ಒಂದು ಪಾಠ ನಮ್ಮ ಯಾವ ಸಂಘದಲ್ಲೂ ನಡೆದದ್ದನ್ನು ನಾನು ಕಂಡಿಲ್ಲ.

ಅದೇ ಹೊತ್ತಿನ ಬೆಂಗಳೂರಿನ ಕಥೆ ಇದಕ್ಕೆ ತಿರುಗುಮುರುಗು. ಮತದಾರರ ಜಾಗೃತಿಗೆಂದು ಬಿಬಿಎಂಪಿಯಿಂದ ಅನುಮತಿ ಪಡೆದಿದ್ದ ಚಿಲುಮೆ ಸಂಸ್ಥೆಯ ಕ್ಷೇತ್ರ ಕಾರ್ಯಕರ್ತರು ಬಿಎಲ್‌ಒ ಎಂಬ ಗುರುತಿನ ಚೀಟಿ ಹಾಕಿಕೊಂಡು ಮನೆಮನೆಯ ಖಾಸಗಿ ವಿವರ ಸಂಗ್ರಹಿಸಿದರೆಂಬ ಆರೋಪ 2022ರ ನವೆಂಬರಿನಲ್ಲಿ ಸ್ಫೋಟಗೊಂಡಿತು. ಬಂಧನಗಳಾದವು. ಆಯೋಗ ಹಿರಿಯ ಅಧಿಕಾರಿಗಳನ್ನು ಅಮಾನತು ಮಾಡಿಸಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯ ಸೇರ್ಪಡೆ, ಅಳಿಸುವಿಕೆಗಳನ್ನು ಪೂರ್ತಿ ಮರುಪರಿಶೀಲಿಸಲು ಹೇಳಿತು. ದೊಡ್ಡವರ ವಿಚಾರ ಬಿಡಿ, ನ್ಯಾಯಾಲಯಗಳಿವೆ. ನನ್ನನ್ನು ಕಾಡಿದ್ದು ಬಾಗಿಲು ತಟ್ಟಿದ ಹುಡುಗರು. ಕೊರಳಿಗೆ ಹಾಕಿದ ಚೀಟಿಯಲ್ಲಿ ಏನಿದೆ, ತಾವು ಕೇಳುತ್ತಿರುವ ಪ್ರಶ್ನೆ ಕೇಳುವ ಅಧಿಕಾರ ಯಾರಿಗಿದೆ ಎಂದು ತಿಳಿದಿದ್ದರೆ ಅವರಲ್ಲಿ ಒಂದಿಬ್ಬರಾದರೂ ಮೊದಲ ದಿನವೇ ಚೀಟಿ ಕಳಚಿಡುತ್ತಿದ್ದರೇನೋ. ‘ಜಾಗೃತಿ’ ಎಂಬ ಪದಕ್ಕೆ ಯಾರೂ ಪ್ರಶ್ನೆ ಹಾಕದಂತೆ ಯುವಕರನ್ನು ತಯಾರು ಮಾಡಿದವರಲ್ಲಿ ನನ್ನಂಥ ಮೊಹರಿನವರೂ ಇದ್ದೇವೆ.

ಮತದ ಹಕ್ಕಿನ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಇಳಿಸಿದ ಅತ್ಯಂತ ಪ್ರಸಿದ್ಧ ಪ್ರಯೋಗ ನಡೆದದ್ದು 1964ರ ಬೇಸಿಗೆಯಲ್ಲಿ, ಅಮೆರಿಕದ ಮಿಸಿಸಿಪಿಯಲ್ಲಿ. ‘ಫ್ರೀಡಂ ಸಮ್ಮರ್’. ಉತ್ತರದ ಕಾಲೇಜುಗಳಿಂದ ಬಂದ ಸಾವಿರದಷ್ಟು ಸ್ವಯಂಸೇವಕರಿಗೆ ಒಹಾಯೊದ ಒಂದು ಮಹಿಳಾ ಕಾಲೇಜಿನಲ್ಲಿ ತರಬೇತಿ. ಹೊಡೆತ ಬಿದ್ದಾಗ ತಲೆ ಕಾಪಾಡಿಕೊಳ್ಳುವುದು ಹೇಗೆ ಎಂಬುದು ಒಂದು ಪಾಠ. ಮಿಸಿಸಿಪಿಯಲ್ಲಿ ನೋಂದಣಿಗೆ 21 ಪ್ರಶ್ನೆಗಳ ಅರ್ಜಿ ತುಂಬಬೇಕಿತ್ತು, ರಾಜ್ಯ ಸಂವಿಧಾನದ ಒಂದು ಕಲಮನ್ನು ಅಧಿಕಾರಿಗೆ ಒಪ್ಪುವಂತೆ ವ್ಯಾಖ್ಯಾನಿಸಬೇಕಿತ್ತು. ಸ್ವಯಂಸೇವಕರು ಕಪ್ಪುಜನರ ಮನೆಜಗಲಿಯಲ್ಲಿ ಕೂತು ಆ ಅರ್ಜಿಯನ್ನು ಅಭ್ಯಾಸ ಮಾಡಿಸಿದರು. ಆ ಬೇಸಿಗೆಯಲ್ಲಿ ನೋಂದಣಿಗೆ ಹೋದವರು ಸುಮಾರು 17,000, ಸೇರ್ಪಡೆಯಾದವರು ಸುಮಾರು 1,600. ಜೂನ್ 21ರಂದು ಮೂವರು ಯುವ ಕಾರ್ಯಕರ್ತರ ಕೊಲೆಯಾಯಿತು, ಶವಗಳು ಸಿಕ್ಕಿದ್ದು ಆಗಸ್ಟಿನಲ್ಲಿ, ಮಣ್ಣಿನ ಏರಿಯೊಂದರ ಅಡಿಯಲ್ಲಿ. ಮರುವರ್ಷ ಮತದಾನ ಹಕ್ಕು ಕಾಯ್ದೆ ಬಂತು.

ಅಲ್ಲೂ ಒಂದು ಕುಂದಿತ್ತು. ಸ್ವಯಂಸೇವಕರು ತಮ್ಮ ಖರ್ಚು ತಾವೇ ನೋಡಿಕೊಂಡು, ಜಾಮೀನಿಗೆಂದು 500 ಡಾಲರ್ ಕೈಯಲ್ಲಿಟ್ಟುಕೊಂಡು ಬರಬೇಕಿತ್ತು. ಉಳ್ಳವರ ಮನೆಯ ಮಕ್ಕಳೇ ಹೆಚ್ಚಾಗಿ ಬಂದದ್ದು ಆಶ್ಚರ್ಯವಲ್ಲ. ಆದರೆ ಆ ಚಳವಳಿಯ ಬೆನ್ನೆಲುಬು ಅವರಾಗಿರಲಿಲ್ಲ. 1962ರಲ್ಲಿ ಹತ್ತಿ ತೋಟದ ಕೂಲಿಯಾಗಿದ್ದ ಫ್ಯಾನಿ ಲೂ ಹೇಮರ್ ನೋಂದಣಿಗೆ ಹೋದದ್ದಕ್ಕೆ ಹದಿನೆಂಟು ವರ್ಷ ದುಡಿದ ತೋಟದಿಂದ ಅದೇ ದಿನ ಹೊರಬಿದ್ದರು. ಆಗ ವಯಸ್ಸು 44. ಆ ಬಳಿಕ ವಿದ್ಯಾರ್ಥಿ ಸಂಘಟನೆ ಸ್ನಿಕ್‌ನಲ್ಲಿ, ವಾರಕ್ಕೆ ಹತ್ತು ಡಾಲರ್ ಆಸುಪಾಸಿನ ಸಂಬಳಕ್ಕೆ, ಕ್ಷೇತ್ರ ಕಾರ್ಯದರ್ಶಿಯಾದರು. ಈ ಕ್ಷೇತ್ರದ ‘ಆರಂಭಿಕ ಹಂತದ ಉದ್ಯೋಗ’ ಎಂದರೆ ನನ್ನ ಮನಸ್ಸಿಗೆ ಬರುವುದು ಅವರೇ. ಹತ್ತು ಡಾಲರ್ ಜುಜುಬಿ ಮೊತ್ತವೇ. ಆದರೆ ಅದು ಸಂಬಳ, ಬಂಗಾರದಂಚಿನ ಕಾಗದವಲ್ಲ.

ಅಮೆರಿಕದವರು ಈಚೆಗೆ ಈ ಪಾಠವನ್ನು ಇನ್ನೊಂದು ರೀತಿ ಕಲಿತಿದ್ದಾರೆ. ಕಪ್ಪುಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿಯಿಂದ ಹುಟ್ಟಿ ಈಗ ಬೇರೆಯೇ ನಿಂತಿರುವ ಲೀಗಲ್ ಡಿಫೆನ್ಸ್ ಫಂಡ್ 2021ರಲ್ಲಿ ಮಾರ್ಷಲ್–ಮಾಟ್ಲಿ ವಿದ್ವಾಂಸ ಯೋಜನೆ ತಂದಿತು. ಐವತ್ತು ಮಂದಿಯ ಕಾನೂನು ಶಿಕ್ಷಣದ ಪೂರ್ತಿ ಖರ್ಚು ಫಂಡಿನದು. ಪ್ರತಿಯಾಗಿ ಎಂಟು ವರ್ಷ ದಕ್ಷಿಣದ ರಾಜ್ಯಗಳಲ್ಲಿ ನಾಗರಿಕ ಹಕ್ಕುಗಳ ವಕೀಲಿಕೆ ಮಾಡಬೇಕು. ಒಂದು ಬೇಸಿಗೆಯ ಮಾತಲ್ಲ, ಎಂಟು ವರ್ಷ.

ನಮ್ಮಲ್ಲಿ? ಚುನಾವಣೆ ಎಂದರೆ ಕಣ್ಣರಳಿಸುವ ಚುರುಕು ಪದವೀಧರರಿಗೆ ಸಂಬಳ ಕೊಡುವವರು ಇದ್ದಾರೆ. ಅವರು ರಾಜಕೀಯ ಸಲಹಾ ಕಂಪನಿಗಳು. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಬೆಳೆದ ಈ ಉದ್ಯಮಕ್ಕೆ ಬೂತ್ ಪಟ್ಟಿ ಓದಬಲ್ಲವರು ಬೇಕು, ಯಾವ ಮನೆ ಯಾರ ಕಡೆ ಎಂದು ಗುರುತು ಹಾಕಲು. ಯಾವ ಮನೆಯ ಹೆಸರು ಬಿಟ್ಟುಹೋಗಿದೆ ಎಂದು ಗುರುತು ಹಾಕುವವನಿಗೆ ಮಾತ್ರ ಪ್ರಮಾಣಪತ್ರ ಮತ್ತು ಮಜ್ಜಿಗೆ. ಅದೇ ಪಟ್ಟಿ, ಅದೇ ಕಣ್ಣು, ಎರಡು ದರ. ಹುಡುಗರು ಅತ್ತ ಹೋಗುತ್ತಾರೆಂದು ಬೈಯುವ ಹಕ್ಕು ನಮಗಿಲ್ಲ. ಬಿಎಲ್‌ಒಗಳ ಗೌರವಧನವನ್ನು ಆಯೋಗ 2025ರಲ್ಲಿ ವರ್ಷಕ್ಕೆ ಆರು ಸಾವಿರದಿಂದ ಹನ್ನೆರಡು ಸಾವಿರಕ್ಕೆ ಏರಿಸಿತು. ತಿಂಗಳಿಗೆ ಒಂದು ಸಾವಿರ.

ಪಟ್ಟಿ ಓದುವ ಕಸುಬಿನಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ದೊಡ್ಡ ಉದಾಹರಣೆಯಿದೆ. 1999ರಲ್ಲಿ ಅಹಮದಾಬಾದ್ ಐಐಎಂನ ಕೆಲವು ಪ್ರಾಧ್ಯಾಪಕರು ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ (ಎಡಿಆರ್) ಕಟ್ಟಿದರು. ಅವರಲ್ಲೊಬ್ಬರಾದ ತ್ರಿಲೋಚನ ಶಾಸ್ತ್ರಿ ಮುಂದೆ ಬೆಂಗಳೂರಿನ ಐಐಎಂಗೆ ಬಂದರು. ಅಭ್ಯರ್ಥಿಗಳ ಅಪರಾಧ, ಆಸ್ತಿ ವಿವರ ಬಹಿರಂಗವಾಗಬೇಕೆಂದು 2002ರ ಮೇ 2ರಂದು ಸುಪ್ರೀಂ ಕೋರ್ಟಿನಿಂದ ತೀರ್ಪು ಬಂದದ್ದು ಎಡಿಆರ್ ಹೂಡಿದ ಮೊಕದ್ದಮೆಯಿಂದ. ತೀರ್ಪಿನ ನಂತರದ ಕೆಲಸವೇ ಕಷ್ಟದ್ದು: ಪ್ರತಿ ಚುನಾವಣೆಯಲ್ಲೂ ಅಭ್ಯರ್ಥಿಗಳ ಸಾವಿರಾರು ಅಫಿಡವಿಟ್ಟುಗಳನ್ನು, ಕೆಟ್ಟ ಕೈಬರಹವನ್ನು, ಮಸುಕಾದ ಸ್ಕ್ಯಾನನ್ನು ಸಾಲುಸಾಲಾಗಿ ಓದಿ ತುಂಬುವುದು. 2025ರಲ್ಲಿ ಬಿಹಾರದ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದಾಗ ಕೋರ್ಟಿನ ಮೆಟ್ಟಿಲೇರಿದವರಲ್ಲೂ ಎಡಿಆರ್ ಮುಂದಿತ್ತು. ಬಿಟ್ಟ ಹೆಸರುಗಳನ್ನು ಕಾರಣ ಸಮೇತ ಪ್ರಕಟಿಸಿ ಎಂದು ಆಗಸ್ಟ್ 14ರಂದು ಕೋರ್ಟ್ ಹೇಳಿತು. ಪ್ರಕಟವಾದ ಪಟ್ಟಿಯನ್ನು ಹಿಡಿದು ಊರೂರಿಗೆ ಹೋಗಿ ‘ಸತ್ತವರು’ ನಿಜಕ್ಕೂ ಸತ್ತಿದ್ದಾರೆಯೇ ಎಂದು ನೋಡುವ ಕಾಲುಗಳು ಬೇಕಾಗುವುದು ಇಂಥ ಹೊತ್ತಿನಲ್ಲೇ. ಆ ಕಾಲುಗಳಿಗೆ ನಾವು ಜಾಥಾ ಮಾತ್ರ ಕಲಿಸಿದ್ದೇವೆ.

ಹಾಗಾಗಿ ಹೋದ ವರ್ಷದಿಂದ ನನ್ನ ಸಂಘದಲ್ಲಿ ಒಂದು ಷರತ್ತು ಹಾಕಿದೆ. ಇಂಟರ್ನ್‌ಶಿಪ್ ಎಂದರೆ ಐದು ಅರ್ಜಿ. ತುಂಬಿಸಿದರೆ ಸಾಲದು, ಸ್ವೀಕೃತಿ ಸಂಖ್ಯೆ ಹಿಡಿದು ಹಿಂದೆ ಬಿದ್ದು, ಹೆಸರು ಪಟ್ಟಿಯಲ್ಲಿ ಬಂದದ್ದನ್ನೋ ತಿರಸ್ಕಾರಕ್ಕೆ ಕಾರಣವನ್ನೋ ತೋರಿಸಬೇಕು. ಬಸ್ಸಿನ ಖರ್ಚು, ಊಟದ ಖರ್ಚು ರಂಗೋಲಿ ಸ್ಪರ್ಧೆಯ ಬಹುಮಾನದ ಹಣದಿಂದ. ಪಾಠ ಹೇಳುವವರು ಆ ಬಿಎಲ್‌ಒ. ಗೌರವಧನ ಅಂತ ಲಕೋಟೆ ಕೊಡಲು ಹೋದರೆ ಮೊದಲ ಸಲ ನಕ್ಕು ಬೇಡವೆಂದರು, ಎರಡನೇ ಸಲ ತೆಗೆದುಕೊಂಡರು. ಸೇರಿದವರು ಇಪ್ಪತ್ತೆರಡು. ಎರಡನೇ ವಾರಕ್ಕೆ ಹದಿನಾಲ್ಕು, ಪರೀಕ್ಷೆಯ ಹೊತ್ತಿಗೆ ಆರು. ಲಿಸ್ಟಿನಲ್ಲಿಲ್ಲದ ತಾಯಿಯ ಮಗಳು ಕೊನೆಯವರೆಗೂ ಇದ್ದಳು. ಆಕೆಯ ಐದರಲ್ಲಿ ಒಂದು ಅರ್ಜಿ ತಿರಸ್ಕೃತವಾಯಿತು, ಕಾರಣ ಕೇಳಲು ಮೂರು ಸಲ ತಾಲ್ಲೂಕು ಕಚೇರಿಗೆ ಹೋಗಿಬಂದಳು.

ಆ ವರ್ಷ ನಾನು ಮೊಹರು ಒತ್ತಿದ ಪ್ರಮಾಣಪತ್ರಗಳು ಮೂರು.